ಒಣಕಡ್ಡಿಯ ಮೇಲಿನ ಬಳೆಗಾರರು

ಗಡಿಯಾರದಣ್ಣನ ಹೆಂಡತಿಗೆ ಆರು ವರ್ಷದಿಂದ ಸಣ್ಣದೇನೂ ಕಾಣುತ್ತಿರಲಿಲ್ಲ. ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಆಕಾರ ಕಾಣುತ್ತಿತ್ತು, ಗಿಡ ಕಾಣುತ್ತಿತ್ತು. ಗಿಡದ ಮೇಲೆ ಬಂದು ಕೂತದ್ದು ಕಾಣುತ್ತಿರಲಿಲ್ಲ. ನೋಟದ ನಡುಭಾಗ ಅಳಿಸಿಹೋಗಿದೆ, ಅಂಚಿನಲ್ಲಿ ಉಳಿದದ್ದರಲ್ಲಿ ಬದುಕಬೇಕು ಎಂದು ಕಣ್ಣಿನ ಡಾಕ್ಟರು ಕೈ ಚೆಲ್ಲಿದ್ದರು. ಆದರೂ ಮನೆಯ ಹಿಂದಿನ ತೋಟ ಅವಳದ್ದೇ. ಯಾವ ಪಾತಿ ಎಲ್ಲಿದೆ ಎಂದು ಅವಳ ಕಾಲಿಗೆ ಗೊತ್ತು, ಯಾವ ಗಿಡಕ್ಕೆ ಬಾಯಾರಿದೆ ಎಂದು ಬೆರಳಿಗೆ ಗೊತ್ತು.

ಉಳಿದದ್ದನ್ನು ಗಂಡ ನೋಡಿ ಹೇಳಬೇಕು. ಅವನು ನಲವತ್ತು ವರ್ಷ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿನಷ್ಟು ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿದವನು. ಅಂಗಡಿ ಮುಚ್ಚಿದ ಮೇಲೆ ಒಂದು ಕ್ಯಾಮೆರಾ ಕೊಂಡ. ಹತ್ತಿರದ್ದನ್ನು ಹಿಗ್ಗಿಸಿ ತೋರಿಸುವ ಲೆನ್ಸ್ ಕೊಂಡ. ಗಾಳಿಗೆ ತೊನೆಯುವ ಹೂವಿನ ಕಾಂಡವನ್ನು ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು ನಿಲ್ಲಿಸಿ, ನೆರಳಿದ್ದ ಕಡೆ ಬಿಳಿ ರಟ್ಟು ಹಿಡಿದು, ಉಸಿರು ಬಿಗಿಹಿಡಿದು ಗುಂಡಿ ಒತ್ತುವುದನ್ನು ತಾನೇ ಕಲಿತ. ಸಂಜೆಯಾದರೆ ಆ ಚಿತ್ರಗಳು ಟೀವಿಯ ಮೇಲೆ. ಅಲ್ಲಿ ಇರುವೆ ನಾಯಿಮರಿಯಷ್ಟಾಗುತ್ತಿತ್ತು. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಸ್ಟೂಲು ಎಳೆದುಕೊಂಡು, ಕೋಳಿಯ ಹಾಗೆ ತಲೆ ಓರೆ ಮಾಡಿ, ಕಣ್ಣಂಚಿನಿಂದ ಅಂಗುಲ ಅಂಗುಲವಾಗಿ ನೋಡುತ್ತಿದ್ದಳು.

"ಈ ಮಿಡತೆ ಮುಖ ನಿಮ್ಮ ಚಿಕ್ಕಪ್ಪನ ಥರಾನೇ ಇದೆ ಕಣ್ರೀ."

"ಚಿಕ್ಕಪ್ಪ ಇಷ್ಟು ತಿಂತಿರ್ಲಿಲ್ಲ, ಪಾಪ."

ಎಲ್ಲಕ್ಕಿಂತ ಅವಳಿಗೆ ಅಚ್ಚುಮೆಚ್ಚಾಗಿದ್ದದ್ದು ಒಂದು ಜಾತಿಯ ಜೇನು. ಹೊಟ್ಟೆಯ ಸುತ್ತ ನಾಲ್ಕೈದು ನೀಲಿ ಪಟ್ಟೆ, ಮಿರಿಮಿರಿ ಮಿಂಚುವ ನೀಲಿ. ಹುಟ್ಟು ಕಟ್ಟಿ ಹಿಂಡಾಗಿ ಬಾಳುವ ಜಾತಿಯಲ್ಲ; ಹಗಲೆಲ್ಲ ಹೂವಿಂದ ಹೂವಿಗೆ ಗುಂಯ್‌ಗುಟ್ಟಿಕೊಂಡು ಒಂಟಿಯಾಗಿ ತಿರುಗುವಂಥದ್ದು. ಕೈತುಂಬ ಬಳೆ ತೂಗಿಸಿಕೊಂಡು ಮನೆಯಿಂದ ಮನೆಗೆ ಹೋದಂತೆ ಕಂಡು, ಅವಳು ಅವಕ್ಕೆ ಬಳೆಗಾರರು ಎಂದು ಹೆಸರಿಟ್ಟಿದ್ದಳು. ಚಿತ್ರ ನೋಡಿ ಮುಗಿದ ಮೇಲೆ ಪರದೆಯ ಮುಂದೆಯೇ ಕೈ ಜೋಡಿಸಿ, "ಚೆನ್ನಾಗಿರ್ರಪ್ಪ" ಎನ್ನುವಳು. ಅದು ಅವಳ ಪ್ರಾರ್ಥನೆ.

ತಂಗಿ ಹೊಸ ಮನೆಗೆ ಸಾಮಾನು ಸಾಗಿಸುತ್ತಾಳೆಂದು ಅವಳು ನಾಲ್ಕು ದಿನಕ್ಕೆ ಹೊರಟಾಗ ಹೊಸಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು.

"ನೀರು ಹಾಕಿ, ಅಷ್ಟೇ ಸಾಕು. ಔಷಧಿ ಗಿಷಧಿ ಅಂತ ಗೊಬ್ಬರದಂಗಡಿಯವನ ಮಾತು ಕೇಳ್ಬೇಡಿ. ಬಂದೋರೆಲ್ಲ ತಿನ್ಲಿ, ಮಿಕ್ಕಿದ್ದು ನಮಗೆ."

"ನಾನೇನು ಮಗುನಾ?"

"ಮಗು ಆಗಿದ್ರೆ ಚಿಂತೆ ಇರ್ಲಿಲ್ಲ. ಮಗು ಹೇಳಿದ್ ಮಾತು ಕೇಳುತ್ತೆ."

ಮೂರು ದಿನ ಅವನೂ ಕೇಳಿದ. ಮೂರನೆಯ ಸಂಜೆ ಬೀನ್ಸ್ ಬಳ್ಳಿಯ ಕುಡಿಗೆ ಕರಿ ಹೇನು ಕೂತದ್ದು ಕಂಡಿತು. ಅದನ್ನು ಲೆನ್ಸಿನಲ್ಲಿ ನೋಡಿದ್ದೇ ತಪ್ಪಾಯಿತು. ಬರಿಗಣ್ಣಿಗೆ ಮಸಿಯ ಗೆರೆಯಷ್ಟಿದ್ದದ್ದು ಲೆನ್ಸಿನಲ್ಲಿ ದಂಡೆತ್ತಿ ಬಂದ ಸೈನ್ಯವಾಗಿ, ಒಂದರ ಮೇಲೊಂದು ಹತ್ತಿ, ಕುಡಿಯ ರಸ ಹೀರುತ್ತ ಕೂತಿತ್ತು. ಅವಳು ಬರುವಷ್ಟರಲ್ಲಿ ತೋಟವೇ ಇರಲಾರದು ಎಂದು ಗಾಬರಿಬಿದ್ದು ಬೀದಿಯ ಕೊನೆಯ ಗೊಬ್ಬರದಂಗಡಿಗೆ ಹೋದ. ಅಂಗಡಿಯವನು ಒಂದು ಬಾಟಲಿ ಕೊಟ್ಟು, "ಒಂದೇ ಸಲ ಹೊಡೀರಿ, ಮತ್ತೆ ಈ ಕಡೆ ತಿರುಗಿ ನೋಡಲ್ಲ" ಎಂದ. ತೋಟದ ಆ ತುದಿಯ ಬೀನ್ಸ್ ಪಾತಿಗಷ್ಟೇ ಎಂದುಕೊಂಡು ಹೊಡೆದ. ಹೊಡೆದು ಮುಗಿಯುವ ಹೊತ್ತಿಗೆ ಗಾಳಿ ತಿರುಗಿ, ವಾಸನೆ ಹೂವಿನ ಪಾತಿ ದಾಟಿ ಅಡುಗೆಮನೆಯ ಕಿಟಕಿಗೇ ಬಂತು. ಆಗ ಅವನಿಗೆ ಬಳೆಗಾರರು ನೆನಪಾದರು.

ಬೆಳಕು ಹರಿಯುವ ಹೊತ್ತಿಗೆ ಅವನು ಎಂದೂ ತೋಟದ ಕಡೆ ತಲೆ ಹಾಕುವವನಲ್ಲ. ಆ ಹೊತ್ತು ದೇವರ ಮುಂದೆ ಕೂರುವ ಹೊತ್ತು. ಅಂದು ಕೂತರೆ ಮನಸ್ಸು ನಿಲ್ಲಲೊಲ್ಲದು. ಎದ್ದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಹಿಂದಿನ ಬಾಗಿಲು ತೆರೆದ.

ಬೀನ್ಸ್ ಪಾತಿಯಲ್ಲಿ ಹೇನು ಸತ್ತಿತ್ತು. ಹೇನು ತಿನ್ನಲು ಬಂದಿದ್ದ ಗುಲಗಂಜಿ ಹುಳುಗಳೂ ಸತ್ತಿದ್ದವು. ಕೆಂಪು ಬೆನ್ನು ನೆಲಕ್ಕೆ ಹಾಕಿ, ಕಾಲು ಮೇಲೆ ಮಾಡಿ, ಏಳು. ಲೆನ್ಸ್ ಬೇಕಿರಲಿಲ್ಲ. ಹಾಗೇ ಈಚೆ ಬಂದ. ಜಿನಿಯಾ ಹೂಗಳ ಹಿಂದೆ, ಬೇಲಿಯ ತಂತಿಗೆ ಹೋದ ವರ್ಷದ ಬಳ್ಳಿಯೊಂದು ಒಣಗಿ ಕಡ್ಡಿಯಾಗಿ ನೇತಾಡುತ್ತಿತ್ತು. ಆ ಕಡ್ಡಿಯ ಉದ್ದಕ್ಕೂ ಸಾಲಾಗಿ ಬಳೆಗಾರರು.

ಹನ್ನೊಂದು. ಒಂದೊಂದೂ ಬಾಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಕಾಲು ಎದೆಗೆ ಮಡಚಿ, ಮೈ ಸೆಟೆಸಿಕೊಂಡು ನಿಂತಿತ್ತು. ಬೆನ್ನಿನ ಕೂದಲ ಮೇಲೆ ಇಬ್ಬನಿ ಹನಿಗಟ್ಟಿತ್ತು. ಮೆಲ್ಲಗೆ ಊದಿದ. ಒಂದೂ ಮಿಸುಕಲಿಲ್ಲ. ಕೈ ತಾನಾಗಿ ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆಯಿತು. ಹಿಗ್ಗಿಸಿ ನೋಡಿದರೆ ಕಡ್ಡಿಯನ್ನು ಬಿಗಿಯಾಗಿ ಕಚ್ಚಿದ ದವಡೆ. ಹಲ್ಲು ಕಚ್ಚಿ ಪ್ರಾಣ ಬಿಟ್ಟಿವೆ ಎಂದುಕೊಂಡ. ಪಾತಿಯ ಅಂಚಿನ ಕಲ್ಲಿನ ಮೇಲೆ ಕೂತ.

ಪಕ್ಕದ ಗೋಡೆಯ ಮೇಲೆ ತಲೆಯೊಂದು ಕಾಣಿಸಿತು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ನರ್ಸಮ್ಮ. ಬೆಳಗಾಗುವ ಮೊದಲೇ ಅಂಗಳ ಗುಡಿಸುವವಳು.

"ಏನಣ್ಣಾ, ಬೆಳಗಾಗೋದ್ರಲ್ಲೇ ಹೂವಿನ ನಾಡಿ ನೋಡೋಕೆ ಬಂದ್ರಾ?"

"ಒಂದು ಮಾತು ಹೇಳಮ್ಮ. ಹಲ್ಲು ಕಚ್ಕೊಂಡು, ಮೈ ಸೆಟೆದು ಹೋಗಿದ್ರೆ... ಆಸೆ ಇರುತ್ತಾ?"

"ಅಯ್ಯೋ! ಯಾರಿಗಣ್ಣಾ? ಅತ್ತಿಗೆ ಊರಿಂದ ಇನ್ನೂ ಬಂದೇ ಇಲ್ವಲ್ಲ!"

"ಅವಳಿಗಲ್ಲ. ಅವಳು ಬಂದ್ಮೇಲೆ ನನಗಾಗೋದು."

ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಕಾಫಿ ಕುಡೀರಿ ಮೊದ್ಲು, ಮುಖ ಬಿಳುಚ್ಕೊಂಡಿದೆ" ಎಂದು ಪೊರಕೆಗೆ ಮರಳಿದಳು.

ಒಬ್ಬನೇ ಉಳಿದಾಗ ಅವನ ಮನಸ್ಸಿಗೆ ಒಂದು ಉಪಾಯ ಹೊಳೆಯಿತು. ಕೆಟ್ಟ ಉಪಾಯ ಬಹಳ ಸುಲಭವಾಗಿ ಹೊಳೆಯುತ್ತದೆ, ಕರೆಯದೆ ಬಂದ ನೆಂಟನ ಹಾಗೆ. ಕಡ್ಡಿಯನ್ನು ಕತ್ತರಿಸಿ ಹಳೇ ಪೇಪರಿನಲ್ಲಿ ಸುತ್ತಿ ಎಸೆದರಾಯಿತು. ಕ್ಯಾಮೆರಾದಲ್ಲಿ ಬಳೆಗಾರರ ಹಳೆಯ ಚಿತ್ರಗಳು ಸಾವಿರಾರು ಇವೆ. ದಿನಕ್ಕೆ ಮೂರು ತೋರಿಸಿದರೂ ವರ್ಷ ಸಾಗುತ್ತದೆ. ಅವಳಿಗೆ ಹೇಗೆ ಗೊತ್ತಾಗಬೇಕು? ಒಳಗೆ ಹೋಗಿ ಕತ್ತರಿ ತಂದೇಬಿಟ್ಟ. ಕಡ್ಡಿಯ ಬುಡಕ್ಕೆ ಹಿಡಿದೂಬಿಟ್ಟ.

ಆಗ ಅವನ ಕಣ್ಣಿಗೆ ಕಟ್ಟಿದ್ದು ಸತ್ತ ಜೇನಲ್ಲ, ಸಂಜೆಯ ಹೆಂಡತಿ. ಸ್ಟೂಲು ಎಳೆದುಕೊಂಡು, ತಲೆ ಓರೆ ಮಾಡಿ, ಎಂದೋ ಹೋದ ಜೀವಗಳ ಮುಂದೆ ಕೈ ಜೋಡಿಸಿ "ಚೆನ್ನಾಗಿರ್ರಪ್ಪ" ಎನ್ನುತ್ತಾಳೆ. ಪಕ್ಕದಲ್ಲಿ ತಾನು ಸುಮ್ಮನೆ ಕೂತಿರಬೇಕು. ಇವತ್ತು, ನಾಳೆ, ಬದುಕಿರುವಷ್ಟು ದಿನ. ನಿಂತ ಗಡಿಯಾರವನ್ನು ನಡೆಯುತ್ತಿದೆ ಎಂದು ಅವನು ಯಾರ ಕೈಗೂ ಕೊಟ್ಟವನಲ್ಲ. ಕತ್ತರಿಯನ್ನು ಕಲ್ಲಿನ ಮೇಲಿಟ್ಟ.

ತೋರಿಸುವುದಾದರೆ ಸರಿಯಾಗಿಯೇ ತೋರಿಸಬೇಕು. ಮೊದಲ ಚಿತ್ರ ಮಬ್ಬು ಬೆಳಕಿನದು. ಈಗ ಬಿಸಿಲು ಗೋಡೆ ಹತ್ತಿ ಬೇಲಿಯ ಮೇಲಿನ ತಂತಿಗೆ ಬಂದಿತ್ತು. ಕಡ್ಡಿಗೆ ಕ್ಲಿಪ್ಪು ಹಾಕಿ, ಬಿಳಿ ರಟ್ಟು ಹಿಡಿದು, ಮೊದಲಿನ ಜಾಗದಲ್ಲೇ ಮಂಡಿಯೂರಿ, ಹನ್ನೊಂದೂ ಬರುವಂತೆ ಇನ್ನೊಂದು ತೆಗೆದ. ಇದನ್ನು ಅವನು ಹಿಗ್ಗಿಸಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಕಾರಿನ ಹಾರನ್ ಕೂಗಿತು.

ಕಾರಿನಲ್ಲಿ ಕರೆತಂದ ಷಡ್ಡಕನಿಗೆ ಆಫೀಸಿನ ಅವಸರ. ಗಡಿಯಾರದಣ್ಣನ ಹೆಂಡತಿಯನ್ನೂ ಅವಳ ಚೀಲವನ್ನೂ ಗೇಟಿನಲ್ಲಿಳಿಸಿ ಹೊರಟೇಹೋದ. ಅವಳು ಗೇಟು ಹಿಡಿದು ನಿಂತು ಗಾಳಿಯನ್ನು ಮೂಸಿದಳು.

"ಏನ್ರೀ ಇದು ವಾಸನೆ?"

"ಒಳಗೆ ಬಾ. ಕೂತ್ಕೋ."

"ಏನು ಹೊಡೆದ್ರಿ?"

"ಕೂತ್ಕೋ ಅಂದೆ. ತೋರಿಸ್ತೀನಿ."

ಚೀಲ ಬಾಗಿಲಲ್ಲೇ ಉಳಿಯಿತು. ಅವನು ಕ್ಯಾಮೆರಾದಿಂದ ಟೀವಿಗೆ ವೈರು ಸಿಕ್ಕಿಸಿದ. ಹೇನು, ಬಾಟಲಿ, ತಿರುಗಿದ ಗಾಳಿ, ಏಳು ಗುಲಗಂಜಿ, ಹನ್ನೊಂದು ಬಳೆಗಾರರು, ಕೊನೆಗೆ ಕತ್ತರಿ. ಒಂದನ್ನೂ ಬಿಡದೆ ಅವಳ ಬೆನ್ನಿಗೆ ಹೇಳಿದ. ಮುಖಕ್ಕೆ ಹೇಳಲಾಗಲಿಲ್ಲ. ಮೊದಲನೆಯ ಚಿತ್ರ ಹಾಕಿದ. ಎರಡನೆಯದು ಹಾಕಿದ.

ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಪರದೆಗೆ ಮೂಗು ತಾಗಿಸಿ, ಈ ತುದಿಯಿಂದ ಆ ತುದಿಯವರೆಗೆ ತಲೆಯನ್ನು ನಿಧಾನವಾಗಿ ಸರಿಸಿದಳು.

"ಹಿಂದಿನದು ಹಾಕಿ."

"ಎಷ್ಟು ಸಲ ನೋಡ್ತೀಯೆ? ನೋಡಿದ್ರೆ ಸಂಕಟ."

"ಹಾಕಿ ಅಂದೆ." ಹಾಕಿದ. "ಈಗ ಮುಂದಿನದು. ಮತ್ತೆ ಹಿಂದಿನದು." ಅವಳ ಬೆರಳು ಪರದೆಯ ಮೇಲೆ ಒಂದು ಕಡೆ ಊರಿತು. "ಈ ಮೂರನೆಯವನ ಮೀಸೆ ಇದ್ರಲ್ಲಿ ಕೆಳಗೆ ಜೋತುಬಿದ್ದಿದೆ. ಇನ್ನೊಂದ್ರಲ್ಲಿ ಮುಂದಕ್ಕೆ ಚಾಚಿದೆ."

"ಗಾಳಿ ಬೀಸಿರ್ಬೇಕು."

"ಗಾಳಿಗೆ ಕಾಲೂ ಬಿಚ್ಚುತ್ತಾ? ಈ ಕೊನೆಯವನು ಹಿಂಗಾಲಲ್ಲಿ ಹೊಟ್ಟೆ ಒರೆಸ್ಕೊಳ್ತಿದ್ದಾನೆ. ಸತ್ತೋರು ಮೈ ಒರೆಸ್ಕೊಳ್ತಾರೇನ್ರೀ?"

ಅವನು ಬಗ್ಗಿ ನೋಡಿದ. ಇಷ್ಟು ವರ್ಷ ಭೂತಗನ್ನಡಿ ಕಚ್ಚಿಕೊಂಡಿದ್ದ ಕಣ್ಣು ಅದನ್ನು ಕಂಡಿರಲಿಲ್ಲ. ಸತ್ತಿವೆ ಎಂದು ತೀರ್ಮಾನವಾದ ಮೇಲೆ ಆ ಕಣ್ಣು ನೋಡುವುದನ್ನೇ ಬಿಟ್ಟಿತ್ತು.

"ನಿದ್ದೆ ಮಾಡ್ತಿದ್ದಾರೆ ಕಣ್ರೀ. ಮನೆಮಠ ಇಲ್ದೋರು, ಎಲ್ಲಿ ಮಲಗ್ತಾರೋ ಅಂತ ಎಷ್ಟು ಸಲ ಕೇಳಿದ್ದೆ ನಿಮ್ಮನ್ನ. ಹಲ್ಲಲ್ಲಿ ಕಡ್ಡಿ ಕಚ್ಕೊಂಡು ಮಲಗ್ತಾರೆ!"

ಗಡಿಯಾರದಣ್ಣ ಓಡಿದ. ಚಪ್ಪಲಿಯಿಲ್ಲದೆ, ಕ್ಯಾಮೆರಾ ಇಲ್ಲದೆ. ಹಿಂದಿನಿಂದ ಅವಳ ಕೂಗು: "ನನ್ನ ಬಿಟ್ಟು ಹೋಗ್ತೀರಾ? ಮನೆ ತೋಟಕ್ಕೂ ಬಿಟ್ಟು ಹೋಗ್ತೀರಾ?" ಮರಳಿ ಬಂದು ಕೈ ಹಿಡಿದು ಕರೆದುಕೊಂಡು ಹೋದ.

ಕಡ್ಡಿಯ ಮೇಲೆ ಬಿಸಿಲು ಬಿದ್ದಿತ್ತು. ಆರು ಆಗಲೇ ಎದ್ದು ಹೋಗಿ, ಐದು ಉಳಿದಿದ್ದವು. ಅವನು ನೋಡುತ್ತಿದ್ದಂತೆ ಒಂದರ ಮೈ ಸಣ್ಣಗೆ ನಡುಗತೊಡಗಿತು, ಚಳಿಯಲ್ಲಿ ಕೈ ಉಜ್ಜಿಕೊಳ್ಳುವವರ ಹಾಗೆ. ದವಡೆ ಸಡಿಲಿತು. ಗುಂಯ್ ಎಂದು ಎದ್ದು, ಇಬ್ಬರ ಮುಖದ ನಡುವೆ ಹಾದು ಹೋಯಿತು.

"ಒಂದು," ಎಂದಳು ಅವಳು, ಕಿವಿ ಅತ್ತ ಕೊಟ್ಟು. ಸ್ವಲ್ಪ ಹೊತ್ತಿಗೆ, "ಎರಡು." ಆಮೇಲೆ ಎರಡು ಒಟ್ಟಿಗೆ ಎದ್ದದ್ದನ್ನೂ ಸರಿಯಾಗಿ ಎಣಿಸಿದಳು. ಅವನ ಕಣ್ಣಲ್ಲಿ ನೀರು ಬಂದು ಎಣಿಸಲಾಗಲಿಲ್ಲ. ಕೊನೆಯವನಿಗೆ ಅವಸರವೇ ಇರಲಿಲ್ಲ. ಒಂದು ಕಾಲು ಚಾಚಿದ, ಇನ್ನೊಂದು ಚಾಚಿದ, ಮುಖ ತೊಳೆದುಕೊಂಡ, ಆಮೇಲೆ ಹೊರಟ. ಹೊರುವಾಗ ಗೊತ್ತಾಗದಿದ್ದ ಭಾರ ಇಳಿಸಿದಾಗ ಗೊತ್ತಾಗುತ್ತದಲ್ಲ, ಹಾಗೆ ಅವನ ಭುಜ ಇಳಿಯಿತು. ಭಗವಂತಾ, ಎಂದ.

"ಗುಲಗಂಜಿಯವರನ್ನ ತೋರಿಸಿ," ಎಂದಳು ಅವಳು.

"ಅವರು ಏಳಲ್ಲ ಕಣೇ."

"ಗೊತ್ತು."

ಬೀನ್ಸ್ ಪಾತಿಯ ಹತ್ತಿರ ಒಂದನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಅವಳು ಬೆರಳಿಂದ ಅದರ ನುಣುಪು ಬೆನ್ನು ಸವರಿದಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತಟ್ಟನೆ ತಲೆ ಎತ್ತಿದಳು.

"ರೀ! ಎದ್ದೋರೆಲ್ಲ ಈಗ ತಿಂಡಿಗೆ ಎಲ್ಲಿಗೆ ಹೋಗ್ತಾರೆ?"

ಅವನು ಬಳ್ಳಿಯ ತುಂಬ ಅರಳಿದ್ದ ಬೀನ್ಸ್ ಹೂಗಳನ್ನು ನೋಡಿದ. ನಿನ್ನೆಯ ಔಷಧಿ ಇನ್ನೂ ಅವುಗಳ ಮೇಲೇ ಇತ್ತು. ಎರಡನೆಯ ಸಲ ಓಡಿದ. ಮಂಚದ ಮೇಲಿನ ಹಾಸನ್ನೂ ಹೊದಿಕೆಯನ್ನೂ ಒಟ್ಟಿಗೇ ಕಿತ್ತು ತಂದ. ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಚಪ್ಪರದ ಆ ಕಡೆಗೆ ಎಸೆದು, ಇಬ್ಬರೂ ಸೇರಿ ಬಳ್ಳಿಯನ್ನೆಲ್ಲ ಮುಚ್ಚಿದರು. ಸಂಜೆಯೊಳಗೆ ಬುಡಸಮೇತ ಕಿತ್ತು ಗುಂಡಿಗೆ ಹಾಕಬೇಕೆಂದು ಅವಳು ಹೇಳಿದಳು, ಹೂಂ ಎಂದ. ಈ ವರ್ಷ ಬೀನ್ಸ್ ಇಲ್ಲ ಎಂದಳು; ಅದಕ್ಕೂ ಹೂಂ ಎಂದ.

ಗಂಟು ಕಟ್ಟುತ್ತಿರುವಾಗಲೇ ಒಬ್ಬ ಬಳೆಗಾರ ಬಂದ. ಹಾಸಿನ ಮೇಲೆ ಎರಡು ಸುತ್ತು ಹಾಕಿದ, ಬಾಗಿಲು ಹುಡುಕಿದ, ಸಿಗದೆ ಗಟ್ಟಿಯಾಗಿ ಗೊಣಗಿಕೊಂಡು ದಾಸವಾಳದ ಕಡೆ ತಿರುಗಿದ.

"ಯಾರ್ರೀ ಅದು, ಅಷ್ಟು ಸಿಟ್ಟು ಮಾಡ್ಕೊಂಡು ಹೋದದ್ದು?"

"ಯಾರೋ, ಗುರುತು ಹತ್ಲಿಲ್ಲ," ಎಂದ ಗಡಿಯಾರದಣ್ಣ, ಹಾಸಿನ ಮೂಲೆಯನ್ನು ಎಳೆದು ಬಿಗಿ ಮಾಡುತ್ತ. "ಚೆನ್ನಾಗಿದ್ದಾನೆ."