ಗಾಳಿ ಶಾಂತ

ಊಟ ಬಲ್ಲವನಿಗೆ ರೋಗವಿಲ್ಲ, ಲೆಕ್ಕ ಬಲ್ಲವನಿಗೆ ಊಟವೇ ಇಲ್ಲ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ಮಧ್ಯಾಹ್ನದ ಡಬ್ಬಿ ಬಿಚ್ಚದೆ ಅವನು ಕಂಪ್ಯೂಟರಿನ ತೆರೆಯನ್ನೇ ನೋಡುತ್ತಿದ್ದ. ಹವಾಮಾನ ಕಚೇರಿಯಲ್ಲಿ ಅವನಿಗೆ ಸಂಭವ ಎಂದೇ ಅಡ್ಡಹೆಸರು. ಮಳೆ ಬರುವ ಸಂಭವವಿದೆ, ಬಾರದಿರುವ ಸಂಭವವೂ ಇದೆ ಎಂದು ಬರೆದು ಬರೆದು, ಕಾಫಿ ಬೇಕಾ ಎಂದರೂ ಬಾಯಿಗೆ ಅದೇ ಬರುತ್ತಿತ್ತು.

ಈಗ ಮೋಡ ಸಾಕಾಗಿ ಹಣದ ಕಡೆ ಮುಖ ಮಾಡಿದ್ದ. ಮಾರುಕಟ್ಟೆಯೂ ಒಂದು ಹವಾಮಾನವೇ. ಅಲ್ಲಿ ತಪ್ಪು ಹೇಳಿದವರಿಗೂ ಮರ್ಯಾದೆ ಜಾಸ್ತಿ. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಗಣಿತ ವಿಭಾಗದವರ ಹಣಕಾಸು ಸ್ನಾತಕೋತ್ತರ ಪದವಿ: ಬರೀ ಸಮೀಕರಣ, ಪ್ರೋಗ್ರಾಮು. ಇಪ್ಪತ್ತರ ಹುಡುಗರ ನಡುವೆ ನಲವತ್ತರ ತಲೆ ಓಡಬೇಕು. ವಯೋಮಿತಿಯ ಪ್ರಕಾರ ಅವನಿಗೆ ಇದೇ ಕೊನೆಯ ವರ್ಷ. ಇನ್ನೊಂದು, ಫೈನಾನ್ಸ್ ಎಂಬಿಎ: ಟೈ, ಕೈಕುಲುಕಾಟ, ಕಂಪನಿಗಳ ಪರಿಚಯ, ಗಣಿತ ಒಗ್ಗರಣೆಗೆ ಮಾತ್ರ.

ಸಂಜೆಯೊಳಗೆ ಒಂದನ್ನು ಒಪ್ಪಬೇಕು. ಒಪ್ಪಿದ ಕ್ಷಣ ಇನ್ನೊಂದು ಬೇರೆಯವರ ಪಾಲು.

ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ರೀ, ನಿಮಗೆ ಯಾವ್ದು ಇಷ್ಟ?"

"ಗ್ರಾಫ್ ಬರ್ಲಿ, ನೋಡೋಣ."

"ನಾನೇನು ಗ್ರಾಫನ್ನ ಮದುವೆ ಆಗಿದೀನಾ? ನಿಮ್ಮ ಬಾಯಲ್ಲಿ ಹೇಳಿ."

ಅವನು ಡಬ್ಬಿ ಎತ್ತಿಕೊಂಡು ಹೊರಟಿದ್ದ.

ಬಿರುಗಾಳಿಯ ಹಾದಿ ಊಹಿಸುವ ಕಚೇರಿಯ ಪ್ರೋಗ್ರಾಮಿಗೆ ತನ್ನ ಬದುಕನ್ನೇ ತಿನ್ನಿಸಿದ್ದ. ಪದವಿಗೊಂದು ಫೈಲು: ವಯಸ್ಸು, ಅಂಕ, ಓದಿ ಹೊರಬಿದ್ದವರ ಗತಿ. ಯಂತ್ರ ಅವನ ಪರವಾಗಿ ಸಾವಿರಾರು ಸಲ ಬದುಕಿ, ಮುಂದಿನ ಏಳುಬೀಳಿನ ಎರಡು ಗೆರೆ ಎಳೆಯುತ್ತದೆ. ತಾನು ಒಂದು ಸಲವೂ ಬದುಕಬೇಕಾಗಿಲ್ಲ.

ಪಕ್ಕದ ಮೇಜಿನ ಗಿಳಿರಾಯ ಇಣುಕಿದ. ಸಾಹೇಬರ ಕೆಮ್ಮಿನಿಂದ ಹಿಡಿದು ಲಿಫ್ಟಿನೊಳಗಿನ ಹೆಣ್ಣುದನಿಯವರೆಗೆ ಎಲ್ಲರ ಅಣಕು ಮಾಡುವವನು ಅವನು.

"ನಿನ್ನೊಬ್ಬನ ದನಿ ಮಾತ್ರ ಸಿಗ್ತಿಲ್ಲ ಕಣೋ ಸಂಭವ. ಹಿಡ್ಕೊಳ್ಳೋಣ ಅಂದ್ರೆ ಹಿಡಿಯೇ ಇಲ್ಲ."

"ಕೆಲಸ ನೋಡ್ಕೋ."

ಗೆರೆಗಳು ಮೂಡಿದವು. ಗಣಿತದ್ದು ಹಾರಿತು, ಬಿತ್ತು, ಮತ್ತೆ ಹಾರಿ ಪಾತಾಳಕ್ಕೆ ಇಳಿಯಿತು. ಎಂಬಿಎಯದು ಸ್ಲೇಟಿನ ಅಂಚಿನ ಹಾಗೆ ನೇರ. ಏರಿಳಿತವಿಲ್ಲವೆಂದರೆ ಅಪಾಯವಿಲ್ಲ. ಹಳೆಯ ವೃತ್ತಿ, ಹೊಸ ವೃತ್ತಿ, ಎರಡೂ ಒಪ್ಪುವ ಮಾತು.

ಗಣಿತದ ಗೆರೆ ಬೀಳುವಾಗ ಎದೆಯೊಳಗೆ ಏನೋ ಜೊತೆಗೇ ಬಿತ್ತು. ಹಸಿವಿರಬೇಕು ಅಂದುಕೊಂಡ.

ಎಂಬಿಎಗೆ ಒಪ್ಪಿಗೆ ಒತ್ತಿದ.

"ಏನ್ರೀ ಸಂಭವ, ಗಾಳಿ ಹೇಗಿದೆ?"

ಸಾಹೇಬರ ದನಿ. ದಡಬಡಿಸಿ ಎದ್ದು ನಿಂತ. ಹಿಂದೆ ಸಾಹೇಬರಲ್ಲ, ಗಿಳಿರಾಯ, ಅವನ ಹಿಂದೆ ಬಾಯಿ ಮುಚ್ಚಿಕೊಂಡ ಇಡೀ ಕಚೇರಿ.

"ಬೆಳಿಗ್ಗೆ ನೀನು ಆಚೆ ಹೋದಾಗ ನಿನ್ನ ಫೈಲಿನ ಅಂಕಿ ಎಲ್ಲ ಬದಲಾಯಿಸ್ಬಿಟ್ಟೆ. ಗಣಿತಕ್ಕೆ ಬಂದರಿನ ಗಾಳಿ ಹಾಕ್ದೆ. ಎಂಬಿಎಗೆ ಯಾವ್ದು ಹೇಳು? ನಮ್ಮ ಗುಡ್ಡದ್ದು!"

ಕೋಣೆಯೆಲ್ಲ ನಗುವಿನಿಂದ ಸಿಡಿಯಿತು. ಗುಡ್ಡದ ಕೇಂದ್ರದ ಕಥೆ ಅಲ್ಲಿ ಎಲ್ಲರಿಗೂ ಬಾಯಿಪಾಠ. ಗಾಳಿ ಅಳೆಯುವ ಬಟ್ಟಲುಗಳು ತುಕ್ಕು ಹಿಡಿದು ನಿಂತುಹೋಗಿದ್ದವು. ಕಚೇರಿ ವರ್ಷಗಟ್ಟಲೆ 'ಗಾಳಿ ಶಾಂತ' ಎಂದು ಸಾರಿತ್ತು. ಆ ವರದಿಗಳಿಗೆ ಸಹಿ ಹಾಕಿದ್ದವನು ಸಂಭವನೇ.

"ಇನ್ನೂ ಒತ್ತಿಲ್ಲ ತಾನೆ?" ಗಿಳಿರಾಯ ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ಒತ್ತಿದೆ."

ನಗು ಒಂದೊಂದಾಗಿ ಆರಿತು. ಆಗ ಸಂಭವ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಒರಗಿ, ಉಳಿದವರೆಲ್ಲ ನಕ್ಕಿದ್ದನ್ನು ಒಟ್ಟಿಗೆ ಸೇರಿಸಿದರೂ ಸಾಲದಷ್ಟು ಜೋರಾಗಿ.

ಮೇಜಿನ ಮೇಲೆ ಅವನ ಫೋನ್ ಹೊಡೆದುಕೊಂಡಿತು. ಹೆಂಡತಿ. ಕೈ ಚಾಚಿದ, ನಗು ಬಿಡಲಿಲ್ಲ. ಏನು ಮಾಡಬೇಕೋ ತೋಚದೆ ಗಿಳಿರಾಯ ಎತ್ತಿಕೊಂಡು, ಸ್ಪೀಕರ್ ಒತ್ತಿದ. ಬಾಯಿ ತೆರೆದಾಗ ಬಂದದ್ದು ಸಂಭವನ ದನಿ. ಕೊನೆಗೂ ಸಿಕ್ಕಿತ್ತು.

"ಎಂಬಿಎಗೆ ಹ್ಞೂಂ ಅಂದ್ಬಿಟ್ಟೆ ಕಣೇ." ಸಂಭವನ ಕಣ್ಣು ಗಣಿತದ ಗೆರೆಯ ಮೇಲೇ ಇರುವುದನ್ನು ಕಂಡು, "ಇಷ್ಟ ಇದ್ದಿದ್ದು ಗಣಿತ."

ಆ ಕಡೆ ಅವಳು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿತು.

"ಅಬ್ಬ! ಎಷ್ಟು ವರ್ಷ ಆಯ್ತು ನೋಡಿ, ನಿಮ್ಮ ದನಿ ಕೇಳಿ."

ಅದು ನಾನಲ್ಲ ಎನ್ನಲು ಸಂಭವ ಹೋದ. ಬರೀ ನಗು ಬಂತು.

"ರೀ, ಪಕ್ಕದಲ್ಲಿ ಯಾರದು, ಅಷ್ಟು ಜೋರಾಗಿ ನಗ್ತಿರೋದು?"

ಗಿಳಿರಾಯ ಅವನ ಮುಖ ನೋಡಿದ.

"ಯಾರೋ, ಗೊತ್ತಿಲ್ಲ ಕಣೇ," ಎಂದಿತು ಸಂಭವನ ದನಿ.

ಅವನು ಇನ್ನೂ ಜೋರಾಗಿ ನಕ್ಕ. ಫ್ಯಾನಿನ ಗಾಳಿಗೆ ಮೇಜಿನ ಹಾಳೆಗಳೆಲ್ಲ ಪಟಪಟ ಹಾರುತ್ತಿದ್ದವು. ತೆರೆಯ ಮೇಲಿನ ಆ ನೇರ ಗೆರೆ ಮಾತ್ರ ಅಲುಗಲಿಲ್ಲ.