ಮೇಲೊಂದು, ಕೆಳಗೊಂದು

ಸದಾನಂದನ ಶವಪೆಟ್ಟಿಗೆ ಕುಲುಮೆಯೊಳಗೆ ಜಾರುತ್ತಿದ್ದಾಗ ಎಲ್ಲರೂ ಕೈಮುಗಿದು ಎದುರಿಗೆ ನಿಂತಿದ್ದರು. ಗಂಗಾಧರ ಮಾತ್ರ ಚಿತಾಗಾರದ ಹಿಂಬದಿಗೆ ನಡೆದ. ಅಲ್ಲಿ ಗ್ಯಾಸಿನ ಕೊಳವೆ ಇತ್ತು, ಗಾಳಿ ಊದುವ ದೊಡ್ಡ ಫ್ಯಾನು ಇತ್ತು, ಫ್ಯಾನಿಗೆ ಗಾಳಿ ಬರಲೆಂದು ಗೋಡೆಯಲ್ಲಿ ಅಗಲವಾದ ಜಾಲರಿಯೂ ಇತ್ತು. ಜಾಲರಿಗೆ ಅಂಟಿದ್ದ ಒಣ ಎಲೆಗಳನ್ನು ಚಪ್ಪಲಿಯ ತುದಿಯಿಂದ ಕೆರೆದು ತೆಗೆದು ವಾಪಸಾದ. ಗೆಳೆಯನಿಗೆ ಅವನು ಸಲ್ಲಿಸಿದ ಕೊನೆಯ ಮರ್ಯಾದೆ ಅದು. ಹಾಗೆಂದು ಯಾರಿಗೂ ಹೊಳೆಯಲಿಲ್ಲ.

"ಗಾಳಿ ಸಾಕಾಗತ್ತಾ ಸಾರ್?" ಎಂದು ಧಾರವಾಡದ ಲೋಕೇಶ ಪಿಸುಗುಟ್ಟಿದ. ಪಕ್ಕದಲ್ಲಿದ್ದವರು ಕರ್ಚೀಫಿನೊಳಗೆ ನಕ್ಕರು.

ಮೈಸೂರಿನ ಗಂಗಾಧರ ನಿವೃತ್ತನಾಗುವವರೆಗೂ ಮಲೇಶಿಯಾದ ಪೆನಾಂಗಿನಲ್ಲಿ, ಬಯಾನ್ ಲೆಪಾಸಿನ ಕಾರ್ಖಾನೆಯೊಂದರಲ್ಲಿ ಗ್ಯಾಸಿನ ಒಲೆಗಳನ್ನು ನೋಡಿಕೊಂಡವನು. ಯಾರ ಮನೆಗೆ ಹೋದರೂ ಕಾಫಿಗೆ ಮೊದಲು ಅಡುಗೆಮನೆಗೆ ಹೊಕ್ಕು, ಉರಿಗೆ ಗಾಳಿ ಎಲ್ಲಿಂದ ಬರುತ್ತದೆಂದು ವಿಚಾರಿಸುತ್ತಿದ್ದ. ಪೆನಾಂಗಿನ ಕನ್ನಡದವರು ಅವನ ಬೆನ್ನ ಹಿಂದೆ ಅವನನ್ನು ವಾಯುಪುತ್ರ ಎನ್ನುತ್ತಿದ್ದರು. ಇವತ್ತೊಂದು ದಿನ ಗಾಳಿಯ ಸುದ್ದಿಯನ್ನೇ ಎತ್ತಬಾರದು ಎಂದು ಅವನು ಅಲ್ಲೇ ತೀರ್ಮಾನಿಸಿದ.

ಹೊರಗೆ ಮರದ ನೆರಳಿನಲ್ಲಿ ಮಾತು ತಾನಾಗಿಯೇ ಸದಾನಂದನ ಅಣಕದ ಕಡೆ ಹೊರಳಿತು. ಉಡುಪಿಯಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು ಅವನು. ಆದರೆ ಜನ ಅವನನ್ನು ನೆನೆಯುತ್ತಿದ್ದುದು ಬೇರೆಯವರ ದನಿಗಳಿಗಾಗಿ. ಡಾಕ್ಟರ್ ರಾಧಾಕೃಷ್ಣ ನಾಲಿಗೆ ಚಾಚಿಸಿ "ಆ" ಅನ್ನಿಸುವಾಗ ತಾನೇ "ಆ" ಅನ್ನುವುದನ್ನು ಅವನು ಮಾಡಿ ತೋರಿಸುತ್ತಿದ್ದನಂತೆ. ಲೋಕೇಶ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ತಮಿಳು, ಮಲಯ, ಧಾರವಾಡದ ಕನ್ನಡ ಮೂರನ್ನೂ ಕಲಸಿ ರೊಟ್ಟಿ ತಪಾವ್, ಎಂದರೆ ಪಾರ್ಸೆಲ್, ಮಾಡಿಸುವುದನ್ನೂ ಅಣಕಿಸುತ್ತಿದ್ದನಂತೆ. ಗಂಗಾಧರನ ಹೆಂಡತಿ ಉಷಾ ಕೂಡ, ತಾನು ಫೋನೆತ್ತುವ ರೀತಿಯನ್ನು ಸದಾನಂದ್ರು ಹೇಗೆ ಮಾಡುತ್ತಿದ್ದರೆಂದು ಮಾಡಿ ತೋರಿಸಿ ಕಣ್ಣೊರೆಸಿಕೊಂಡಳು. ಸತ್ತವನು ತಮ್ಮನ್ನು ಎಷ್ಟು ಚೆನ್ನಾಗಿ ಅಣಕಿಸಿದ್ದ ಎಂಬುದರಲ್ಲಿ ಪೈಪೋಟಿಯೇ ಶುರುವಾಯಿತು.

"ನಿಮ್ಮದನ್ನ ಹೆಂಗ ಮಾಡ್ತಿದ್ರು ಸಾರ್?" ಎಂದ ಲೋಕೇಶ.

"ನನ್ನದು ಮಾಡಿಲ್ಲ," ಎಂದ ಗಂಗಾಧರ.

ರಾಧಾಕೃಷ್ಣ ಅವನ ಭುಜ ತಟ್ಟಿ, "ನಿಮ್ಮಲ್ಲಿ ಅಣಕಿಸುವಂಥದ್ದು ಏನೂ ಇಲ್ಲ ಅಲ್ವಾ, ಹಾಗಾಗಿ ಇರಬೇಕು," ಎಂದು ಸಮಾಧಾನ ಹೇಳಿದರು.

ಗ್ಯಾಸಿಗೆ ಗಾಳಿ ಬೇಕು, ಸೌದೆಗೆ ಬೇಕು, ಒಳಗೆ ಉರಿಯುತ್ತಿದ್ದ ಸದಾನಂದನಿಗೂ ಬೇಕಿತ್ತು. ಹೊಟ್ಟೆಕಿಚ್ಚೊಂದಕ್ಕೆ ಮಾತ್ರ ಬೇಡ. ಬಾಯಿ ಮುಚ್ಚಿದಷ್ಟೂ ಅದು ಚೆನ್ನಾಗಿ ಹತ್ತಿಕೊಳ್ಳುತ್ತದೆ. ಗಂಗಾಧರ ಬಾಯಿ ಮುಚ್ಚಿಕೊಂಡು ಕಾರು ಹತ್ತಿದ.

*

ಕೋತಿಗಳಿಂದಾಗಿ ಸದಾನಂದ ಮನೆಯ ಹಿಂದಿನ ಅಂಗಳಕ್ಕೆ ಗಾಜು ಹಾಕಿಸಿದ್ದ. ಗುಡ್ಡದಿಂದ ಇಳಿದು ಬಂದ ಒಂದು ಗಡವ ಅವನ ಹೆಂಡತಿ ದೇವಕಿಯ ಉದ್ದಿನ ಹಿಟ್ಟಿನ ಪಾತ್ರೆಯನ್ನೇ ಹೊತ್ತೊಯ್ದಿತ್ತು. ಮುಂದಿನ ಭಾನುವಾರದ ಎಂದಿನ ಕೂಟದಲ್ಲಿ ಸದಾನಂದ ಮೈಯೆಲ್ಲ ಹಿಟ್ಟಾದ ಆ ಗಡವನನ್ನು ಅಭಿನಯಿಸಿದಾಗ ಉಷಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದ್ದಳು. ತನ್ನ ಮಾತಿಗೆ ಅವಳು ಹಾಗೆ ನಕ್ಕಿದ್ದು ಗಂಗಾಧರನಿಗೆ ನೆನಪಿಲ್ಲ. ಕೋತಿಗೂ ಒಲಿದ ಯೋಗ ತನಗಿಲ್ಲವಲ್ಲ ಎಂದು ಅವನು ಚಟ್ನಿ ಕಲಸುತ್ತಾ ಕೂತಿದ್ದ.

ಅದೇ ಅಂಗಳದಲ್ಲಿ ಗ್ಯಾಸ್ ಗೀಸರ್ ಇತ್ತು. ಕರೆಂಟಿನ ಶವರಿನಲ್ಲಿ ಬರುವುದು ಬಿಸಿನೀರಲ್ಲ ಮಾರಾಯ್ರೆ, ಬರೀ ಅನುಮಾನ ಎಂದು ಸದಾನಂದ ಹುಡುಕಿ ತಂದು ಹಾಕಿಸಿದ್ದು. ಮೂರು ಬಚ್ಚಲಿಗೂ ಅದರಿಂದಲೇ ನೀರು.

ನಾಲ್ಕೂ ಕಡೆ ಮುಚ್ಚಿದ ಗಾಜನ್ನು ನೋಡಿ ಗಂಗಾಧರನಿಗೆ ಜೀವ ಹಾರಿಹೋಯಿತು. ಉರಿ ಒಳಗಿರುವ ಗಾಳಿಯನ್ನೆಲ್ಲ ತಿಂದು ಮುಗಿಸಿ, ಆಮೇಲೆ ಅರೆಬರೆ ಉರಿದು ವಿಷ ಕಾರುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ತಿರುಗಿತು ಅನ್ನುವಷ್ಟರಲ್ಲಿ ಆಳು ಬಿದ್ದಿರುತ್ತಾನೆ. ಸೂರಿನ ಹತ್ತಿರ ಒಂದು, ನೆಲದ ಹತ್ತಿರ ಒಂದು ಕಿಂಡಿ ಕೊರೆಸಲೇಬೇಕು ಎಂದು ಬಿಡಿಸಿ ಹೇಳಿದ. ಸದಾನಂದ ವಾದಿಸಲಿಲ್ಲ. ಅವನ ತುಟಿಗಳನ್ನೇ ನೋಡುತ್ತಾ ನಿಂತಿದ್ದು, "ಇನ್ನೊಮ್ಮೆ ಹೇಳಿ," ಎಂದ. ಗಂಗಾಧರ ಮತ್ತೆ ಹೇಳಿದ. "ಆ ಕೊನೆಯದ್ದು ಮಾತ್ರ, ಇನ್ನೊಮ್ಮೆ."

ಇಷ್ಟು ಓದಿದವನಿಗೆ ಇಷ್ಟು ಮಂದಬುದ್ಧಿಯೇ ಅನ್ನಿಸಿತ್ತು ಗಂಗಾಧರನಿಗೆ. ಕಿಂಡಿಗಳೇನೋ ಆದವು. ಆದರೆ ಮುಂದಿನ ಭಾನುವಾರವೂ, ಆಮೇಲಿನ ಯಾವ ಭಾನುವಾರವೂ ಅಣಕಕ್ಕೆ ಅವನ ಸರದಿ ಬರಲಿಲ್ಲ.

*

ಮಸಣದಿಂದ ಬಂದವರು ಸ್ನಾನ ಮಾಡದೆ ಉಣ್ಣುವಂತಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಉಷಾ ತನ್ನ ಮನೆಯಿಂದಲೇ ಅನ್ನ, ಸಾರು ತಂದಿದ್ದಳು. ಒಲೆಗೆ ರಜೆ ಸಿಕ್ಕಿತ್ತು, ಗೀಸರಿಗೆ ಮಾತ್ರ ಇಲ್ಲ. ಮೂರು ಬಚ್ಚಲುಗಳ ಮುಂದೆಯೂ ಪಂಚೆ, ಟವೆಲು ಹಿಡಿದವರ ಸಾಲು. ನೀರು ಒಂದೇ ಸಮನೆ ಸುರಿಯುತ್ತಿತ್ತು. ಗಂಗಾಧರ ಟವೆಲು ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ, ಅಡುಗೆಮನೆಯಲ್ಲಿ ನಿಂತಿದ್ದ.

ಲೋಕೇಶ ಒದ್ದೆ ತಲೆಯಲ್ಲೇ ಹೊರಗೆ ಬಂದು ಗೋಡೆ ಹಿಡಿದುಕೊಂಡ. ತಲೆ ಸುತ್ತುತ್ತಿದೆ ಎಂದ. ಬೆಳಗಿನಿಂದ ಖಾಲಿ ಹೊಟ್ಟೆ, ಹಾಗಾಗುತ್ತೆ ಎಂದರು ಯಾರೋ. ತನಗೂ ಹಣೆ ಸಿಡಿಯುತ್ತಿದೆ, ಅತ್ತದ್ದಕ್ಕೆ ಇರಬೇಕು ಎಂದಳು ದೇವಕಿ.

ಗಂಗಾಧರನ ಗಂಟಲಿನವರೆಗೆ ಮಾತು ಬಂತು. ಹೇಳಿದರೆ ನಗುತ್ತಾರೆ, ಸುಮ್ಮನಿದ್ದರೆ? ಅವನು ಬಗ್ಗಿ ಅಂಗಳದತ್ತ ನೋಡಿದ. ಗೀಸರಿನ ಪುಟ್ಟ ಕಿಟಕಿಯಲ್ಲಿ ಉರಿ ಹಳದಿಯಾಗಿ, ಉದ್ದಕ್ಕೆ, ಕುಡಿದವನ ಹಾಗೆ ತೂರಾಡುತ್ತಿತ್ತು. ಎರಡೂ ಕಿಂಡಿಗಳಿಗೆ ಯಾರೋ ಹಳೇ ಟವೆಲು ತುರುಕಿದ್ದರು.

ಗಾಳಿಯ ಸುದ್ದಿ ಎತ್ತಬಾರದೆಂಬ ತೀರ್ಮಾನ ಅಲ್ಲಿಗೇ ಮುಗಿಯಿತು. ಗಂಗಾಧರ ಉಸಿರು ಬಿಗಿಹಿಡಿದು ನುಗ್ಗಿ ಗ್ಯಾಸು ತಿರುಗಿಸಿದ, ಗಾಜಿನ ಬಾಗಿಲನ್ನು ಹೊರಕ್ಕೆ ತಳ್ಳಿದ, ಎಲ್ಲರನ್ನೂ ಅಂಗಳ ದಾಟಿಸಿ ಹಿತ್ತಿಲ ಗಾಳಿಗೆ ಅಟ್ಟಿದ. ಮೂರು ಬಚ್ಚಲುಗಳಿಂದ ಮೂರು ಸೋಪು ಹಚ್ಚಿದ ಮುಖಗಳು ತಣ್ಣೀರಿನ ಬಗ್ಗೆ ತಕರಾರು ಹೇಳಿಕೊಂಡು ಬಂದವು. ಸದಾನಂದನ ಮಗ, ಸೈಬರ್‌ಜಯಾದಿಂದ ಬಂದಿದ್ದ ಕೌಸ್ತುಭ, ತಪ್ಪಿತಸ್ಥನ ಹಾಗೆ ಮುಂದೆ ಬಂದ.

"ನಾನೇ ಅಂಕಲ್ ಟವೆಲ್ ತುರುಕಿದ್ದು. ಅಪ್ಪನ ಬಾಡಿ ಹಾಲ್‌ನಲ್ಲಿತ್ತಲ್ಲ, ಏಸಿ ಹಾಕಿದ್ರೂ ಕೂಲ್ ಆಗ್ತಾ ಇರ್ಲಿಲ್ಲ. ಆಮೇಲೆ ತೆಗೆಯೋಕೆ ಮರ್ತೋಯ್ತು."

ಗಂಗಾಧರ ಸ್ಟೂಲು ಹತ್ತಿ ಮೇಲಿನ ಟವೆಲು ಕಿತ್ತ. ಕುಕ್ಕರಗಾಲಲ್ಲಿ ಕೂತು ಕೆಳಗಿನದನ್ನೂ ಎಳೆದ. ಅದು ಈಚೆ ಬಂದದ್ದೇ ತಡ, ಕಿಂಡಿಯೊಳಗಿಂದ ಯಾರೋ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನೋಡಿ ಸದಾನಂದ್. ಉರಿಗೂ ಉಸಿರು ಬೇಕು. ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ. ಮುಚ್ಚೋ ಹಾಗಿಲ್ಲ." ಆಮೇಲೊಂದು ಸಣ್ಣ ನಿಟ್ಟುಸಿರು. "ಅರ್ಥ ಆಯ್ತೇ?"

ಗಂಗಾಧರನದೇ ದನಿ. ಆದರೆ ಗಂಗಾಧರ ಬಾಯಿ ಬಿಟ್ಟಿರಲಿಲ್ಲ.

ಹಿತ್ತಿಲಲ್ಲಿದ್ದವರೆಲ್ಲ ಬೆಚ್ಚಿದರು. ಉಷಾ ಗಂಡನ ಮುಖ ನೋಡಿದಳು, ಕಿಂಡಿ ನೋಡಿದಳು. "ರೀ, ನೀವು ಹೀಗೇ ನಿಟ್ಟುಸಿರು ಬಿಡೋದು," ಎಂದಳು ಮೆಲ್ಲಗೆ.

ಕೆಳಗಿನ ಕಿಂಡಿಯ ಜಾಲರಿಯ ಹಿಂದೆ ಒಂದು ಡಬ್ಬಿ ಇತ್ತು. ಎದುರಿಗೆ ಯಾರಾದರೂ ಅಲುಗಾಡಿದರೆ ಅಂಗಡಿಗಳ ಬಾಗಿಲಲ್ಲಿ ಸೆಲಾಮತ್ ದಾತಾಂಗ್ ಎಂದು ಸ್ವಾಗತ ಹೇಳುತ್ತದಲ್ಲ, ಆ ಜಾತಿಯದು. ಬೇಕಾದ್ದನ್ನು ಹೇಳಿ ತುಂಬಿಸಬಹುದಾದಂಥದ್ದು.

"ನೀವು ಬರುವುದು ಗೊತ್ತಾದ್ರೆ ಇವರು ಓಡಿಹೋಗಿ ಅದರ ಬಾಯಿ ಬಂದ್ ಮಾಡ್ತಿದ್ರು," ಎಂದಳು ದೇವಕಿ. "ಬಾಕಿಯವರೆಲ್ಲ ಎರಡು ದಿವಸದಲ್ಲಿ ನನ್ನ ಬಾಯಿಗೆ ಬಂದ್ರು ಮಾರಾಯ್ತಿ, ಈ ಜನ ಇನ್ನೂ ಸರಿ ಕೂತುಕೊಳ್ಳಲಿಲ್ಲ ಅಂತ ಹೇಳುವುದು. ಅಳಿಸುವುದು, ಪುನಃ ಹೇಳುವುದು. ಆಸ್ಪತ್ರೆಗೆ ಹೋಗುವ ದಿವಸವೂ ಇಲ್ಲಿ ಕೂತು ಹೊಸತು ತುಂಬಿಸಿದ್ರು. ಈಗ ಬಂತು, ಇನ್ನು ಗಂಗಾಧರರನ್ನು ಕರೀಬಹುದು ಅಂದ್ರು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಕರೆಯಲಿಕ್ಕೆ ಆಗಲಿಲ್ಲ."

ಗಾಳಿ ಒಳಗೆ ಆಡತೊಡಗಿತು. ಲೋಕೇಶನ ತಲೆಸುತ್ತು ಇಳಿಯಿತು. ಇಳಿದ ಜಾಗಕ್ಕೆ ಬೇರೇನೋ ಏರಿತು. ಅವನು ಡಬ್ಬಿಯನ್ನೇ ಆಸೆಗಣ್ಣಿನಿಂದ ನೋಡುತ್ತಾ, ತನ್ನದೇನನ್ನಾದರೂ ಹೀಗೆ ತುಂಬಿಸಿಟ್ಟಿದ್ದಾರೆಯೇ ಎಂದು ದೇವಕಿಯನ್ನು ಕೇಳಿದ. ಇಲ್ಲ ಎಂದಳು. ರಾಧಾಕೃಷ್ಣ ಕೂಡ ಯಾವುದಕ್ಕೂ ಇರಲಿ ಎಂದು ಮೇಲಿನ ಕಿಂಡಿಯೊಳಗೆ ಇಣುಕಿದರು. ಅಲ್ಲಿ ಗಾಳಿ ಮಾತ್ರ ಇತ್ತು.

ಗಂಗಾಧರ ಗೀಸರು ಮತ್ತೆ ಹೊತ್ತಿಸಿದ. ಉರಿ ನೀಲಿಯಾಗಿ, ಗಿಡ್ಡಗೆ, ಬಾಚಣಿಗೆಯ ಹಲ್ಲಿನ ಹಾಗೆ ಎದ್ದು ನಿಂತಿತು. ಅವನು ಟವೆಲಿನಲ್ಲೇ ನೆಲದ ಮೇಲೆ ಕೂತು, ಕಿಂಡಿಯ ಮುಂದೆ ಕೈಯಾಡಿಸಿದ.

ಎರಡು ಕೆಮ್ಮು. ನೋಡಿ ಸದಾನಂದ್. ನಿಟ್ಟುಸಿರು. ಅರ್ಥ ಆಯ್ತೇ?

"ಆಯ್ತು ಮಾರಾಯ್ರೆ," ಎಂದ ಗಂಗಾಧರ, ಥೇಟು ಸದಾನಂದನ ದನಿಯಲ್ಲಿ. ಆಮೇಲೆ ನಗತೊಡಗಿದ. ದೇವಕಿ ನಕ್ಕಳು, ಉಷಾ ನಕ್ಕಳು, ಸೋಪಿನ ಮುಖಗಳೂ ನಕ್ಕವು. ಆದರೆ ಸಾವಿನ ಮನೆಯ ಗಾಜನ್ನೆಲ್ಲ ಅದುರಿಸಿ, ಗುಡ್ಡದ ಕೋತಿಗಳನ್ನು ಕಾಂಪೌಂಡಿನ ತನಕ ಕರೆತಂದದ್ದು ಅವನೊಬ್ಬನ ನಗು. ಅವನು ಹೊಟ್ಟೆ ಹಿಡಿದುಕೊಂಡು ಅಲುಗಾಡಿದಷ್ಟೂ ಡಬ್ಬಿ ಅರ್ಥ ಆಯ್ತೇ, ಅರ್ಥ ಆಯ್ತೇ ಎಂದು ಕೇಳುತ್ತಲೇ ಇತ್ತು.