ಪರೀಕ್ಷೆಗೆ ಕೊಟ್ಟ ಕೋಳಿ

ಜೋಗೇಶ್ವರಿಯ ಆ ಚಾಳಿನಲ್ಲಿ ಬರೀ ಗುರುಬಾಯಿ ಎಂದರೆ ಯಾರಿಗೂ ತಿಳಿಯದು. ಕೋಳಿ ಗುರುಬಾಯಿ ಎಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತಾರೆ. ಚಾಳಿಗೆ ತಾಗಿಕೊಂಡಿದ್ದ ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗದಲ್ಲಿ ಅವಳ ಕೋಳಿಗೂಡು. ಬಾಣಂತಿಯಿರುವ ಮನೆಗೂ ಜ್ವರದಿಂದ ಎದ್ದವರ ಮನೆಗೂ ತತ್ತಿ ಹೋಗುವುದು ಅಲ್ಲಿಂದಲೇ. ಆ ಹೆಸರೆಂದರೆ ಅವಳಿಗೆ ಪ್ರಾಣ. ಹೀಗಿರುವಾಗ ಮೈದುನ ಈಶ್ವರನ ಹೆಂಡತಿ ಶಿವಕುಮಾರಿ ಧಾರಾವಿಯ ಖೋಲಿ ಬಿಟ್ಟು ಪಕ್ಕದ ಮನೆಗೆ ಬಂದಳು. ಬಂದವಳು ಬುಟ್ಟಿಯಲ್ಲಿ ತನ್ನ ಕೋಳಿಗಳನ್ನೂ ತಂದಳು. ಒಂದೊಂದೂ ಮೈತುಂಬಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಗುರುಬಾಯಿಯ ಗಂಡ ಅಣವೀರಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಹೆಂಡತಿಯ ಕೋಳಿಗಳನ್ನು ಆ ಮಹಾರಾಯ ಒಂದು ದಿನವೂ ಕಣ್ಣೆತ್ತಿ ನೋಡಿದ್ದಿಲ್ಲ. ಗುರುಬಾಯಿಯ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಕೋಳಿ ಸಾಕಲು ಚಾಳಿಗೆ ಇದ್ದ ಜಾಗ ಅದೊಂದೇ. ಆದರೆ ಹೊಸ ಕೋಳಿಗಳನ್ನು ಬಂದ ಕೂಡಲೇ ಗುರುಬಾಯಿಯ ಗೂಡಿನೊಳಗೆ ಬಿಡುವಂತಿರಲಿಲ್ಲ. ಹಿಂದೊಮ್ಮೆ ರೋಗ ಹೊಕ್ಕು ಗೂಡೇ ಖಾಲಿಯಾಗಿತ್ತು. ದನದ ಡಾಕ್ಟರ್ ಹಿತೇಶ್ ಬಂದು ಹೊಸವುಗಳ ರಕ್ತ ತೆಗೆದುಕೊಂಡರು. ಒಂದು ತಿಂಗಳು ಬೇರೆ ಗೂಡು, ಬೇರೆ ನೀರು ಎಂದರು. ಜೊತೆಗೆ ಹಳೆಯ ಹಿಂಡಿನ ಒಂದು ಕೋಳಿಯನ್ನು ಅವುಗಳ ನಡುವೆ ಬಿಡಬೇಕಂತೆ. ಹೊಸವುಗಳಲ್ಲಿ ರೋಗ ಅಡಗಿದ್ದರೆ ಮೊದಲು ಆ ಒಂದಕ್ಕೆ ತಗಲುತ್ತದೆ, ಉಳಿದವು ಬದುಕುತ್ತವೆ.

"ಅದು ಮಲಗಿದ್ರ ಹೊಸಾವು ಒಂದೂ ಇಲ್ಲಿ ಇರಂಗಿಲ್ಲ" ಎಂದು ಅಣವೀರಪ್ಪ ಖಡಾಖಂಡಿತ ಹೇಳಿದ.

ಗುರುಬಾಯಿಗೆ ಅಷ್ಟೇ ಸಾಕಾಯಿತು. ಅವಳ ಗೂಡಿನ ಮೂಲೆಯಲ್ಲಿ ಒಂದು ಬಡಪಾಯಿ ಕೋಳಿಯಿತ್ತು. ಉಳಿದವು ಕುಕ್ಕಿ ಕುಕ್ಕಿ ಅದರ ಕುತ್ತಿಗೆಯ ಪುಕ್ಕ ಕಿತ್ತಿದ್ದವು, ಕಾಳಿನ ಹತ್ತಿರ ಬರಗೊಡುತ್ತಿರಲಿಲ್ಲ. ಇಂದೋ ನಾಳೆಯೋ ಎಂಬಂತಿದ್ದ ಅದನ್ನೇ ಸೆರಗಿನಲ್ಲಿ ಸುತ್ತಿ ತಂದಳು.

"ನನ್ನ ಜೀವದಂಥಾ ಕೋಳಿ ಕೊಡಾಕತ್ತೀನಿ ತಂಗಿ, ನಿನ್ನ ಸಲುವಾಗಿ" ಎಂದು ಕಣ್ಣೊರೆಸಿಕೊಂಡಳು. ಚಾಳಿನವರು ಭಲೇ ಎಂದರು. ಶಿವಕುಮಾರಿ ಕಾಲಿಗೆ ಬಿದ್ದಳು. ಗುರುಬಾಯಿ ಬಾಯಿತುಂಬ ಹರಸಿದಳು, ಆ ಕೋಳಿ ವಾರ ದಾಟುವುದಿಲ್ಲವೆಂಬ ಖಾತ್ರಿಯಿಂದ.

ಅಲ್ಲಿಂದ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೊಸ ಗೂಡಿನ ತಗಡಿನ ಸಂದಿಯಲ್ಲಿ ಇಣುಕುವುದೇ ಅವಳ ಕೆಲಸವಾಯಿತು. ವಾರ ದಾಟಿತು, ಆ ದರಿದ್ರ ಕೋಳಿ ನಿಂತೇ ಇತ್ತು. ಆಮೇಲೆ ಕಾಳು ಹೆಕ್ಕತೊಡಗಿತು. ಕುತ್ತಿಗೆಯಲ್ಲಿ ಹೊಸ ಪುಕ್ಕ ಮೂಡಿತು. ಒಂದು ದಿನ ಶಿವಕುಮಾರಿಯ ಅಂಗೈಯಿಂದಲೇ ನುಚ್ಚು ತಿನ್ನುತ್ತಿತ್ತು! ತನ್ನ ಕೈಗೆ ಅದು ಎಂದಾದರೂ ಹಾಗೆ ಬಂದಿತ್ತೇ? ಗುರುಬಾಯಿ ಉರಿದುಹೋದಳು. ಆ ಉರಿಯಲ್ಲಿ ತನ್ನ ಕೋಳಿಗಳಿಗೆ ನೀರಿಡುವುದನ್ನೂ ಮರೆತಳು.

ತಿಂಗಳು ತುಂಬಿತು. ರಕ್ತದಲ್ಲಿ ಯಾವ ರೋಗವೂ ಇರಲಿಲ್ಲ. ಹಿತೇಶ್ ಡಾಕ್ಟರ್ ಎಲ್ಲವನ್ನೂ ಎತ್ತಿ ನೋಡಿ, ಕೂಡಿಸಬಹುದು ಎಂದು ಹೇಳಿ ಹೊರಟರು. ಅಣವೀರಪ್ಪ ಅವರನ್ನು ಕಳಿಸಿಬರಲು ಹೋದ.

ನೆಗೆಣ್ಣಿಯರಿಬ್ಬರೇ ಉಳಿದರು. ಶಿವಕುಮಾರಿ ಮೊದಲು ಆ ಕೋಳಿಯನ್ನೇ ಎತ್ತಿಕೊಂಡು ಹಳೆಯ ಗೂಡಿನತ್ತ ನಡೆದಳು.

"ಅದನ್ನ ಬಿಡಬ್ಯಾಡ! ನಮ್ಮವು ಮತ್ತ ಕುಕ್ತಾವ" ಎಂದುಬಿಟ್ಟಳು ಗುರುಬಾಯಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಶಿವಕುಮಾರಿ ತಿರುಗಿ ನೋಡಿದಳು. "ನೀವು ಕೊಟ್ಟ ದಿನಾನ ನಂಗ ಗೊತ್ತಾತು ಅಕ್ಕಾ. ಕುತ್ತಿಗಿ ತುಂಬ ಗಾಯ ಇದ್ವು. ಅರಿಷಿಣ ಹಚ್ಚಿದೆ."

"ಮತ್ಯಾಕ ಯಾರ ಮುಂದೂ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಹೆಸರು ಕೆಡ್ತಿತ್ತಲ್ಲ."

ಜಗಳಕ್ಕೆ ಬಂದಿದ್ದರೆ ಗುರುಬಾಯಿ ಗೆಲ್ಲುತ್ತಿದ್ದಳು, ಜಗಳದಲ್ಲಿ ಅವಳನ್ನು ಮೀರಿಸಿದವರಿಲ್ಲ. ಇದು ಜಗಳವೇ ಅಲ್ಲ. ಕೋಳಿ ಹೋದರೆ ಹೋಗಲಿ, ಇಂಥ ಮನಸ್ಸೂ ಇವಳಿಗೇ ಇರಬೇಕೇ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಕೈ ಚಾಚಿ "ಬಾ ಬಾ" ಎಂದು ಕರೆದಳು. ಕೋಳಿ ಶಿವಕುಮಾರಿಯ ಕಂಕುಳಲ್ಲಿ ತಲೆ ಹುದುಗಿಸಿತು.

ಹೊರಗೆ ಯಾರೋ ಕೂಗಿದರು: "ಕೋಳಿ ಗುರುಬಾಯಿ, ತತ್ತಿ ಅದಾವೇನು?"

ಆ ಹೆಸರಿಗೆ ಓ ಎನ್ನಲು ಗುರುಬಾಯಿಗೆ ಬಾಯಿ ಬರಲಿಲ್ಲ.